ಪಂಪಿಲ್ಲದೆ ಪ್ರೆಶರ್: ಹಳೆಯ ಮನೆಯ ಪೈಪ್‌ಲೈನ್ ಬದಲಿಸಿದ ನನ್ನ ಅನುಭವ

ಮೈಸೂರಿನ ಕುವೆಂಪುನಗರದ ಆ ಎರಡಂತಸ್ತಿನ ಮನೆಯಲ್ಲಿದ್ದದ್ದು ಮೂವತ್ತು ವರ್ಷಕ್ಕೂ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. ಕಾವೇರಿ ನೀರಿನ ಜೊತೆಗೆ ಬೋರ್ ನೀರನ್ನೂ ಅದೇ ಟ್ಯಾಂಕಿಗೆ ಏರಿಸುತ್ತಿದ್ದುದರಿಂದ, ಅರ್ಧ ಇಂಚಿನ ಪೈಪಿನ ತುಂಡೊಂದನ್ನು ಕತ್ತರಿಸಿ ನೋಡಿದಾಗ ತುಕ್ಕು ಮತ್ತು ಸುಣ್ಣ ಪದರಪದರವಾಗಿ ಕಟ್ಟಿ, ನಡುವೆ ಪೆನ್ಸಿಲ್ ತೂರುವಷ್ಟು ದಾರಿ ಮಾತ್ರ ಉಳಿದಿತ್ತು. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದ್ದುದಕ್ಕೆ ನನಗಿಂತ ಮೊದಲು ಬಂದ ಪ್ಲಂಬರ್‌ಗಳೆಲ್ಲರೂ ಪ್ರೆಶರ್ ಪಂಪು ಹಾಕಿಸಿ ಎಂದು ಹೇಳಿ ಹೋಗಿದ್ದರು. ಆದರೆ ಇಂಥ ಪೈಪಿಗೆ ಪಂಪು ಕೊಟ್ಟರೆ ಥ್ರೆಡ್ಡಿನ ಬಳಿ ಸವೆದ ಜಾಗವೇ ಮೊದಲು ಬಾಯಿ ಬಿಡುತ್ತದೆ, ಅದೂ ಗೋಡೆಯೊಳಗೆ.

ತಾರಸಿಯ ಮೇಲೆ ಒಂದೂಕಾಲು ಇಂಚಿನ ಹೆಡರ್ (ಟ್ಯಾಂಕಿನ ನೀರನ್ನು ಎಲ್ಲ ಲೈನುಗಳಿಗೂ ಹಂಚುವ ಮುಖ್ಯ ಪೈಪು) ಕಟ್ಟಿ, ಪ್ರತಿ ಬಚ್ಚಲುಮನೆಗೂ ಅಡುಗೆಮನೆಗೂ ಹೊರಗೋಡೆಯ ಮೇಲೆ ಪ್ರತ್ಯೇಕ ಲೈನ್ ಇಳಿಸುತ್ತೇನೆ ಎಂದಾಗ ಪರಿಚಯದ ಮೇಸ್ತ್ರಿಗಳು ನಕ್ಕರು. ಟ್ಯಾಂಕಿನ ನೀರು ನಲ್ಲಿಗಿಂತ ಹತ್ತಡಿ ಎತ್ತರದಲ್ಲಿದ್ದರೆ ಸಿಗುವುದು ಚದರ ಸೆಂ.ಮೀ.ಗೆ ಸುಮಾರು 0.3 ಕೆ.ಜಿ. ಒತ್ತಡ, ಮೇಲಿನ ಮಹಡಿಯ ಶವರಿಗೆ ಅಷ್ಟೂ ಇಲ್ಲ ಎಂಬುದು ಅವರ ವಾದ. ಲೆಕ್ಕ ಸರಿಯೇ, ಆದರೆ ಇರುವ ಅಲ್ಪ ಒತ್ತಡವನ್ನೂ ಅರ್ಧ ಇಂಚಿನ ಎಲ್ಬೋಗಳಲ್ಲಿ (90 ಡಿಗ್ರಿ ತಿರುವುಗಳಲ್ಲಿ) ಕಳೆದುಕೊಂಡು, ಆಮೇಲೆ ಪಂಪಿಗೆ ಹಣ ಸುರಿಯುವುದೇಕೆ? ನಾನು ಬಚ್ಚಲಿನ ಗೋಡೆಯವರೆಗೆ ಒಂದು ಇಂಚು, ಒಳಗೆ ಮುಕ್ಕಾಲು, ನಲ್ಲಿಯ ಬಾಯಲ್ಲಿ ಮಾತ್ರ ಅರ್ಧ ಇಂಚು ಇಟ್ಟೆ. ಜಾಗವಿದ್ದ ಕಡೆಯಲ್ಲೆಲ್ಲ ಒಂದು ಎಲ್ಬೋ ಬದಲು ಎರಡು 45 ಡಿಗ್ರಿ ಬೆಂಡ್ ಹಾಕಿದೆ.

ಬಿಸಿನೀರಿಗೆ ಒಂದು ಗೋಡೆಯ ಮೇಲೆ ಪಿಪಿಆರ್ (ಕಾಯಿಸಿ ಬೆಸೆಯುವ ಪ್ಲಾಸ್ಟಿಕ್ ಪೈಪು) ಪ್ರಯೋಗ ಮಾಡಿದೆ. 260 ಡಿಗ್ರಿಯಲ್ಲಿ ಬೆಸೆದ ಜಾಯಿಂಟಿನ ಬಗ್ಗೆ ಎರಡು ಮಾತಿಲ್ಲ. ಆದರೆ ಹತ್ತು ಮೀಟರ್ ಪೈಪು, ಕಾವು 40 ಡಿಗ್ರಿ ಏರಿದರೆ ಸುಮಾರು 60 ಮಿ.ಮೀ. ಹಿಗ್ಗುತ್ತದೆ, ಬಿಸಿನೀರು ತಾಳುವ ಇನ್ನೊಂದು ಪ್ಲಾಸ್ಟಿಕ್ ಪೈಪಾದ ಸಿಪಿವಿಸಿಯಲ್ಲಿ ಅದರ ಅರ್ಧವೂ ಇಲ್ಲ. ಸೋಲಾರ್ ನೀರು ಹರಿದದ್ದೇ ತಡ, ಕ್ಲ್ಯಾಂಪುಗಳ ನಡುವೆ ಪೈಪು ಡೊಂಕಾಯಿತು. ಸಾಲದ್ದಕ್ಕೆ ಹೊರಗಿನಿಂದ 25 ಮಿ.ಮೀ. ಇರುವ ಪಿಎನ್ 20 (ಹೆಚ್ಚು ಒತ್ತಡ ತಾಳುವ ದಪ್ಪ ದರ್ಜೆಯ) ಪಿಪಿಆರ್ ಪೈಪಿನ ಒಳರಂಧ್ರ ಹದಿನಾರು ಹದಿನೇಳು ಮಿ.ಮೀ. ಅಷ್ಟೆ. ನಾಲ್ಕೈದು ಸಾವಿರ ನನ್ನ ತಲೆಯ ಮೇಲೆ ಬಂತು. ಬಿಚ್ಚಿ ಸಿಪಿವಿಸಿ ಹಾಕಿ, ಬಿಸಿಲಿಗೆ ಕೆಡದಂತೆ ನೀರಿನಲ್ಲಿ ಕಲಸುವ ಪೇಂಟ್ ಬಳಿದೆ.

ಸಾಮಾನಿಗೆ ಮೂವತ್ತೆಂಟು ಸಾವಿರದ ಆಸುಪಾಸು, ಕೂಲಿ ಇಪ್ಪತ್ತು ಸಾವಿರ ಆಗಿರಬೇಕು. ಗೋಡೆ ಒಡೆದು ಟೈಲ್ಸ್ ಹಾಕಿಕೊಡಲು ಬೇರೊಬ್ಬರು ಒಂದೂವರೆ ಲಕ್ಷ ಕೇಳಿದ್ದರಂತೆ. ಮೇಲಿನ ಬಚ್ಚಲಿನಲ್ಲಿ ಇಪ್ಪತ್ತು ಲೀಟರ್ ಬಕೆಟ್ ತುಂಬಲು ಮೊದಲು ಐದಾರು ನಿಮಿಷ ಬೇಕಿತ್ತು, ಈಗ ಎರಡು ನಿಮಿಷದೊಳಗೆ ತುಂಬುತ್ತದೆ. ಹೆಡರಿನ ಗಾಳಿ ಹೊರಬಿಡುವ ವೆಂಟ್ ಪೈಪು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕೆಂಬುದು ಎಲ್ಲರಿಗೂ ಗೊತ್ತು. ಹೆಡರನ್ನು ಯಾವ ಇಳಿಜಾರಿನಲ್ಲಿ ಕೂರಿಸಿದೆ, ಮೊದಲ ಟೀ (ಕವಲು) ಯಾವ ಲೈನಿಗೆ ತೆಗೆದೆ ಎಂಬುದು ಮಾತ್ರ ನನ್ನ ಹೊಟ್ಟೆಪಾಡಿನ ಗುಟ್ಟು.

ಅಂದು ನಕ್ಕವರಲ್ಲೊಬ್ಬರು ಈಗ ಬೋಗಾದಿಯ ಮನೆಯೊಂದಕ್ಕೆ ಹೆಡರ್ ಕಟ್ಟಲು ನನ್ನನ್ನು ಕರೆದಿದ್ದಾರೆ. ಅಲ್ಲಿ ಟ್ಯಾಂಕ್ ತಾರಸಿಯ ಮೇಲೆಯೇ ಕೂತಿದೆ; ಅದನ್ನು ಮೂರಡಿಯಾದರೂ ಎತ್ತರಿಸದೆ ಕೆಲಸ ಹಿಡಿಯುವುದಿಲ್ಲವೆಂದು ತಿಳಿಸಿದ್ದೇನೆ.