ಮರಳಿನ ಬೀಚೋ ಕಲ್ಲಿನ ಬೀಚೋ: ಕೊಡಗಿಂದ ಸಮುದ್ರಕ್ಕೆ ಹೊರಡೋ ಮುಂಚೆ

ಕಾಫಿ ಕೊಯ್ಲು ಮುಗಿದು, ಕಣದಲ್ಲಿದ್ದ ಕೊನೆ ಚೀಲನೂ ಒಳಗೆ ಸೇರಿದ್ಮೇಲೆ ನಮ್ಮನೇಲಿ ಪ್ರತಿ ವರ್ಷ ಸಮುದ್ರದ ಮಾತು ಶುರುವಾಗುತ್ತೆ. ವಿರಾಜಪೇಟೆ, ಗೋಣಿಕೊಪ್ಪ ಕಡೆಯವ್ರಿಗೆ ಮಾಕುಟ್ಟ ಇಳಿದು ಇರಿಟ್ಟಿ ಮೇಲೆ ಕಣ್ಣೂರು, ಮಡಿಕೇರಿ ಕಡೆಯವ್ರಿಗೆ ಸಂಪಾಜೆ ಸುಳ್ಯ ಪುತ್ತೂರು ದಾಟಿ ಮಂಗಳೂರು. ದಾರಿ ಎಲ್ರಿಗೂ ಗೊತ್ತು, ಮೀನೂಟಕ್ಕೆ ಎಲ್ಲಿ ನಿಲ್ಲಿಸ್ಬೇಕು ಅಂತನೂ ಗೊತ್ತು, ಆದ್ರೆ ಇಳಿಯೋ ದಡ ಮರಳಿಂದೋ ಕಲ್ಲಿಂದೋ ಅಂತ ಕೇಳ್ಕೊಂಡು ಹೋಗೋರು ಕಮ್ಮಿ, ಅಲ್ಲಿ ಹೋದ್ಮೇಲೆ ಅಜ್ಜಿಗೆ ಕೂರೋಕೆ ಜಾಗ ಇಲ್ಲ, ಮಗೂಗೆ ನೀರಿಗೆ ಇಳಿಯೋಕಾಗಲ್ಲ, ಕಟ್ಟಿಕೊಂಡು ಹೋದ ಕಡಂಬುಟ್ಟಲ್ಲಿ ಮರಳು ಅಂತ ಇಡೀ ದಿನ ಹಾಳು. ಹದಿನೈದು ವರ್ಷ ಹೀಗೆ ಹೋಗಿ ಬಂದು ನಾನು ಕಲ್ತಿದ್ದನ್ನ ಬರೀತಿದೀನಿ.

ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ. ನೀರಲ್ಲಿ ಆಡೋಕೆ ಮರಳು, ನೀರಿನ ಪಕ್ಕ ಕೂರೋಕೆ ಕಲ್ಲು. ಚಿಕ್ಕ ಮಕ್ಕಳು ಗಾಡೀಲಿದ್ರೆ ಬೇರೆ ಯೋಚ್ನೆನೇ ಬೇಡ, ಮರಳಿಗೇ ಹೋಗಿ. ದೊಡ್ಡವ್ರು ನಾಲ್ಕೈದು ಜನ ಮಾತ್ರ ಹೊರಟಿದ್ದೀರಿ, ಈಜೋ ಆಸೆ ಅಷ್ಟೇನಿಲ್ಲ, ಸೂರ್ಯ ಮುಳುಗೋದು ನೋಡ್ಕೊಂಡು ಮಾತಾಡ್ತಾ ಕೂತ್ರೆ ಸಾಕು ಅಂದ್ರೆ ಕಲ್ಲಿನ ದಡದಷ್ಟು ನೆಮ್ಮದಿ ಮರಳಲ್ಲಿ ಸಿಗಲ್ಲ.

ಕಲ್ಲಿನ ದಡ ಅಂದ್ರೆ ಎರಡು ತರ ಇದೆ. ಒಂದು ಬಂಡೆ. ನಮ್ಮ ಕರಾವಳಿ ಹೆಚ್ಚಾಗಿ ಮರಳೇ, ನಡುನಡುವೆ ಬಂಡೆ ಬರುತ್ತೆ, ಉಳ್ಳಾಲದ ಸೋಮೇಶ್ವರ ದೇವಸ್ಥಾನದ ಹತ್ರ ರುದ್ರಪಾದೆ, ಕಾಪು ದೀಪಸ್ತಂಭದ ಬುಡ, ಮಲ್ಪೆಯಿಂದ ಬೋಟಲ್ಲಿ ಹೋಗೋ ಸೇಂಟ್ ಮೇರೀಸ್ ದ್ವೀಪ. ಆ ದ್ವೀಪದಲ್ಲಿ ಕಂಬ ಕಂಬವಾಗಿ ನಿಂತಿರೋ ಕಲ್ಲು ಲಾವಾ ತಣ್ಣಗಾಗುವಾಗ ಬಿರುಕು ಬಿಟ್ಟು ಆಗಿದ್ದು, ಕೆಳಗೆ ಕಾಲಿಗೆ ಸಿಗೋದು ಮರಳಿಗಿಂತ ಹೆಚ್ಚು ಚಿಪ್ಪಿನ ಚೂರು. ಇನ್ನೊಂದು ತರ ಉರುಟು ಕಲ್ಲಿಂದು, ಹೊಳೇಲಿ ಸಿಗೋ ಹಾಗೆ ನುಣ್ಣಗಿನ ಕಲ್ಲುಗಳೇ ರಾಶಿ ರಾಶಿ ಬಿದ್ದಿರೋ ದಡ. ಭೂವಿಜ್ಞಾನದವ್ರ ಲೆಕ್ಕದಲ್ಲಿ 2 ಮಿಲಿಮೀಟರ್‌ವರೆಗಿನ ಕಾಳು ಮರಳು, 4ರಿಂದ 64 ಮಿಲಿಮೀಟರ್ ಇದ್ರೆ ಉರುಟು ಕಲ್ಲು, ಅಂದ್ರೆ ಒಳ್ಳೆಮೆಣಸಿನ ಕಾಳಿನ ಗಾತ್ರದಿಂದ ಸಣ್ಣ ಕಿತ್ತಳೆ ಹಣ್ಣಿನ ಗಾತ್ರದವರೆಗೆ. ಇಂಥ ದಡಕ್ಕೆ ಹೆಸರಾಗಿರೋದು ಇಂಗ್ಲೆಂಡಿನ ಬ್ರೈಟನ್, ಫ್ರಾನ್ಸಿನ ನೀಸ್ ತರದ ಊರುಗಳು.

ನಮ್ಮಕ್ಕ ಇಂಗ್ಲೆಂಡಲ್ಲಿದ್ದಾಗ ನನ್ನನ್ನ ಬ್ರೈಟನ್‌ಗೆ ಕರ್ಕೊಂಡು ಹೋಗಿದ್ಲು. ಚಪ್ಪಲಿ ಬಿಚ್ಚಿ ನಾಲ್ಕು ಹೆಜ್ಜೆ ಇಡೋದ್ರಲ್ಲಿ ಕಾಲು ಸೋತೋಯ್ತು, ಆದ್ರೆ ಆ ಶಬ್ದ ಇವತ್ತಿಗೂ ಕಿವೀಲಿದೆ. ಅಲೆ ಬಂದು ವಾಪಸ್ ಹೋಗುವಾಗ ಕಲ್ಲುಗಳು ಒಂದರ ಮೇಲೊಂದು ಉರುಳಿ ಗರ್ರ್ ಅಂತ ಬರುತ್ತೆ, ಕಣದಲ್ಲಿ ಒಣಗಿದ ಚೆರಿ ಕಾಫೀನ ಹಲಗೆ ಹಾಕಿ ಎಳೆಯುವಾಗ ಬರೋ ಸದ್ದಿದ್ಯಲ್ಲ, ಥೇಟ್ ಅದೇ. ನಾನು ಅದನ್ನ ಹೇಳಿದ್ದಕ್ಕೆ ಅಕ್ಕನ ಕಣ್ಣಲ್ಲಿ ನೀರು ಬಂತು, ಅವ್ಳು ಆಗ ಊರಿಗೆ ಬಂದು ಮೂರು ವರ್ಷ ಆಗಿತ್ತು. ಅದೇ ದೇಶದಲ್ಲಿ ಚೆಸಿಲ್ ಅಂತ ಸುಮಾರು 29 ಕಿಲೋಮೀಟರ್ ಉದ್ದದ ಕಲ್ಲಿನ ದಡ ಇದೆ, ಪಶ್ಚಿಮದ ತುದೀಲಿ ಬಟಾಣಿ ಗಾತ್ರದ ಕಲ್ಲು, ಪೂರ್ವಕ್ಕೆ ಹೋಗ್ತಾ ಹೋಗ್ತಾ ಆಲೂಗಡ್ಡೆ ಗಾತ್ರ, ರಾತ್ರಿ ಕತ್ತಲಲ್ಲಿ ದಡ ಸೇರಿದ ಮೀನುಗಾರ್ರು ಕೈಗೆ ಸಿಕ್ಕ ಕಲ್ಲು ನೋಡಿ ತಾವು ಎಲ್ಲಿದೀವಿ ಅಂತ ಹೇಳ್ತಿದ್ರು ಅಂತಾರೆ.

ಅಂಥ ಕಡೆ ಹೋಗೋ ಅವಕಾಶ ನಿಮಗೂ ಸಿಕ್ರೆ ಒಂದು ವಿಷ್ಯ ನೆನಪಿರ್ಲಿ. ಉರುಟು ಕಲ್ಲಿನ ದಡ ಕಡಿದಾಗಿರುತ್ತೆ. ಯಾಕಂದ್ರೆ ಮೇಲೆ ಬಂದ ಅಲೆಯ ನೀರು ಕಲ್ಲುಗಳ ಸಂದೀಲಿ ಇಂಗಿ ಹೋಗುತ್ತೆ, ವಾಪಸ್ ಹರಿಯೋ ನೀರಿಗೆ ಕಲ್ಲನ್ನ ಎಳ್ಕೊಂಡು ಹೋಗೋ ಶಕ್ತಿ ಉಳಿಯಲ್ಲ, ಹಂಗಾಗಿ ಕಲ್ಲು ಮೇಲೇ ಗುಡ್ಡೆ ಆಗ್ತಾ ಹೋಗುತ್ತೆ. ಸಣ್ಣ ಮರಳಲ್ಲಿ ನೀರು ಅಷ್ಟು ಬೇಗ ಇಂಗಲ್ಲ, ದಡದ ಮೇಲೇ ಜಾರಿ ವಾಪಸ್ ಬರುವಾಗ ಮರಳನ್ನೂ ಎಳ್ಕೊಂಡು ಬರುತ್ತೆ, ದಡ ಚಪ್ಪಟೆ ಆಗುತ್ತೆ. ಇದ್ರಿಂದ ನಮಗೇನು ಅಂದ್ರೆ, ಚಪ್ಪಟೆ ಮರಳಿನ ಬೀಚಲ್ಲಿ ಇಪ್ಪತ್ತು ಹೆಜ್ಜೆ ಹೋದ್ರೂ ನೀರು ಮೊಣಕಾಲಿಗೇ ಇರಬಹುದು, ಕಲ್ಲಿನ ದಡದಲ್ಲಿ ನಾಲ್ಕೇ ಹೆಜ್ಜೆಗೆ ಸೊಂಟಕ್ಕೆ ಬರಬಹುದು, ಹೊರಗೆ ಬರುವಾಗ್ಲೂ ಕಾಲಡಿ ಕಲ್ಲು ಜಾರಿ ಜಾರಿ ಅಲೆ ಹಿಂದಕ್ಕೆ ಎಳೆಯುತ್ತೆ. ಅಲ್ಲಿ ಈಜು ಬರೋರು ಮಾತ್ರ ಇಳೀಬೇಕು. ಹಾಂ, ಕಲ್ಲು ಚೆನ್ನಾಗಿದೆ ಅಂತ ಬ್ಯಾಗಿಗೆ ಹಾಕ್ಕೋಬೇಡಿ, ಎಷ್ಟೋ ದೇಶದಲ್ಲಿ ಅದು ಅಪರಾಧ, ಇಟಲಿಯ ಸಾರ್ಡೀನಿಯಾದಲ್ಲಂತೂ 2017ರ ಕಾನೂನಿನ ಪ್ರಕಾರ ಮರಳು, ಕಲ್ಲು, ಚಿಪ್ಪು ತಗೊಂಡ್ರೆ 500ರಿಂದ 3000 ಯೂರೋ ದಂಡ.

ಈಗ ನಮ್ಮ ಕಡೆ ಬರೋಣ. ನಾವು ಕೊಡಗಿನವ್ರಿಗೆ ಕಲ್ಲಿನ ದಡ ಹುಟ್ಟಿದಾಗಿಂದ ಗೊತ್ತು, ಹೊಳೆ ಅಂದ್ರೇನೇ ಕಲ್ಲು. ಬೇಸಿಗೇಲಿ ದುಬಾರೆ ಹತ್ರ ಕಾವೇರಿ ನೋಡಿ, ನೀರಿಗಿಂತ ಬಂಡೆನೇ ಹೆಚ್ಚು ಕಾಣುತ್ತೆ. ಕಾವೇರಿ ಪೂರ್ವಕ್ಕೆ ಹೋದ್ರೂ ಬರಪೊಳೆ, ಪಯಸ್ವಿನಿ ಎರಡೂ ಪಶ್ಚಿಮಕ್ಕೆ ಇಳಿಯೋ ಹೊಳೆಗಳು, ಬರಪೊಳೆ ವಳಪಟ್ಟಣಂ ಹೊಳೆ ಸೇರಿ ಕಣ್ಣೂರು ಹತ್ರ ಸಮುದ್ರಕ್ಕೆ, ಪಯಸ್ವಿನಿ ಚಂದ್ರಗಿರಿ ಅನ್ನೋ ಹೆಸರಲ್ಲಿ ಕಾಸರಗೋಡು ಹತ್ರ ಸಮುದ್ರಕ್ಕೆ. ಇಲ್ಲಿ ಘಟ್ಟದಲ್ಲಿ ಹೊಳೆ ಉರುಳಿಸೋ ಕಲ್ಲು ದಾರಿ ಉದ್ದಕ್ಕೂ ಸವೆದು, ಒಡೆದು, ಕೊನೆಗೆ ಮರಳಾಗಿ ಕೆಳಗೆ ಹೋಗುತ್ತೆ. ಮಗಳಿಗೆ ಒಂದ್ಸಲ ಇದನ್ನ ಹೇಳಿದ್ದೆ, ಅವ್ಳು ಕಣ್ಣೂರಿನ ಬೀಚಲ್ಲಿ ಒಂದು ಹಿಡಿ ಮರಳು ಕೈಗೆ ತಗೊಂಡು ಇದ್ರಲ್ಲಿ ನಮ್ಮೂರಿಂದು ಯಾವ್ದು ಅಂತ ಒಂದೊಂದೇ ಕಾಳು ನೋಡ್ತಾ ಅರ್ಧ ಗಂಟೆ ಕೂತಿದ್ಲು.

ಹೊಳೆ ಕಲ್ಲಲ್ಲಿ ಓಡಾಡಿದ ಅಭ್ಯಾಸ ಇದೆ ಅಂತ ಸಮುದ್ರದ ಬಂಡೆ ಹತ್ತೋಕೆ ಹೋಗ್ಬೇಡಿ. ಹೊಳೇಲಿ ನೀರು ಒಂದೇ ಕಡೆಯಿಂದ ಬರುತ್ತೆ, ಸಮುದ್ರದಲ್ಲಿ ಹತ್ತು ಸಣ್ಣ ಅಲೆ ಆದ್ಮೇಲೆ ಒಂದು ದೊಡ್ಡದು ಬಂದು ಬಂಡೆ ಪೂರ್ತಿ ತೊಳ್ಕೊಂಡು ಹೋಗಬಹುದು. ಒದ್ದೆ ಇರೋ ಬಂಡೆ ಅಂದ್ರೆ ಅಲೆ ಅಲ್ಲಿವರೆಗೂ ಬರುತ್ತೆ ಅಂತ ಅರ್ಥ, ಒಣಗಿದ ಜಾಗದಲ್ಲೇ ಕೂತ್ಕೊಳ್ಳಿ. ಹಸಿರು ಪಾಚಿ ಇರೋ ಕಡೆ ಕಾಲೇ ಇಡ್ಬೇಡಿ, ನಾನು ನಮ್ಮೂರ ಹೊಳೇಲೇ ಅಂಗೈ ಅಗಲದ ಪಾಚಿ ಮೇಲೆ ಕಾಲಿಟ್ಟು ಬಿದ್ದು ಮಣಿಕಟ್ಟು ಮುರ್ಕೊಂಡಿದ್ದೆ, ಆ ವರ್ಷ ಇಡೀ ಕೊಯ್ಲು ಒಂದೇ ಕೈಯಲ್ಲಿ ನೋಡ್ಕೊಂಡಿದ್ದು. ಹವಾಯಿ ಚಪ್ಪಲಿ ಎರಡಕ್ಕೂ ಆಗಲ್ಲ, ಕಲ್ಲಲ್ಲಿ ಜಾರುತ್ತೆ, ಅಲೇಲಿ ಕಾಲಿಂದ ಕಿತ್ಕೊಂಡು ಹೋಗುತ್ತೆ. ಹಿಂದೆ ಬೆಲ್ಟ್ ಇರೋ ರಬ್ಬರ್ ಸ್ಯಾಂಡಲ್ ಅಥವಾ ಹಳೇ ಕ್ಯಾನ್ವಾಸ್ ಶೂ ಬೆಸ್ಟು, ಬಂಡೆಗೆ ಅಂಟಿರೋ ಚಿಪ್ಪು ಬ್ಲೇಡಿನ ತರ ಕೊಯ್ಯುತ್ತೆ, ಶೂ ಇದ್ರೆ ಪಾದ ಉಳಿಯುತ್ತೆ.

ಕೂರೋಕೆ ನಮ್ಮನೇಲಿ ಇರೋ ವಸ್ತುನೇ ಸಾಕು, ಕಾಫಿ ತುಂಬ್ಸೋ ಗೋಣಿಚೀಲ. ಎರಡು ಚೀಲ ನಾಲ್ಕು ಮಡಿಕೆ ಮಾಡಿ ಕಲ್ಲ ಮೇಲೆ ಹಾಕಿದ್ರೆ ಅತ್ತೆ ಎರಡು ಗಂಟೆ ಕೂತ್ರೂ ಸೊಂಟ ನೋವು ಅನ್ನಲಿಲ್ಲ. ಮರಳಲ್ಲಿ ಗೋಣಿ ಬೇಡ, ನೂಲಿನ ಸಂದೀಲೆಲ್ಲ ಮರಳು ತುಂಬುತ್ತೆ, ಪ್ಲಾಸ್ಟಿಕ್ ಚಾಪೆ ಹಾಸಿ, ನಾಲ್ಕು ಮೂಲೆಗೆ ಚಪ್ಪಲಿ ಇಡಿ. ಊಟದ ವಿಷ್ಯದಲ್ಲಿ ಕಲ್ಲೇ ಗೆಲ್ಲುತ್ತೆ. ಮಧ್ಯಾಹ್ನ ಆಗ್ತಿದ್ದಂಗೆ ಸಮುದ್ರದ ಗಾಳಿ ಜೋರಾಗುತ್ತೆ, ಮರಳಿನ ಬೀಚಲ್ಲಿ ಡಬ್ಬಿ ಮುಚ್ಚಳ ತೆಗೆದ್ರೆ ಮುಗೀತು, ಪಂದಿ ಕರಿ ತಿಂತಿದ್ರೆ ಹಲ್ಲಲ್ಲಿ ಕರಕರ. ಅದಕ್ಕೇ ಮರಳಿಗೆ ಹೋಗೋ ದಿನ ಸಾರು ಪಲ್ಯ ಬೇಡ, ಅಕ್ಕಿ ರೊಟ್ಟಿಗೆ ಒಳಗೇ ಚಟ್ನಿ ಹಚ್ಚಿ ಸುರುಳಿ ಸುತ್ತಿ ಬಾಳೆಲೆಯಲ್ಲಿ ಕಟ್ಕೊಂಡು ಹೋಗಿ, ಕೈಯಲ್ಲಿ ಹಿಡ್ಕೊಂಡು ತಿನ್ನಬಹುದು. ಕಿತ್ತಳೆ ಸಿಪ್ಪೆ ಸುಲಿದು ತಿನ್ನೋದಾದ್ರೂ ಮೊದ್ಲು ಕೈ ತೊಳ್ಕೊಳ್ಳೋಕೆ ಒಂದು ಬಾಟಲಿ ನೀರು ಬೇರೆ ಇರ್ಲಿ.

ಮೈಗೆ ಅಂಟಿದ ಮರಳು ಹೋಗ್ಬೇಕಂದ್ರೆ ಒದ್ದೆ ಟವೆಲಲ್ಲಿ ಉಜ್ಜಬೇಡಿ, ಮಕ್ಕಳು ಚರ್ಮ ಉರಿ ಅಂತ ಅಳ್ತಾವೆ. ಸ್ವಲ್ಪ ಒಣಗೋಕೆ ಬಿಟ್ಟು ಪೌಡರ್ ಹಾಕಿ ಕೈಯಲ್ಲಿ ಒರೆಸಿದ್ರೆ ತೇವ ಹೀರ್ಕೊಂಡು ಮರಳು ಉದುರಿ ಹೋಗುತ್ತೆ.

ಮರಳಿನ ಬಗ್ಗೆ ನನಗೆ ತುಂಬಾ ಇಷ್ಟ ಆಗಿರೋದೊಂದು ಹೇಳ್ತೀನಿ, ಮಕ್ಕಳಿಗೆ ತೋರ್ಸಿ. ಅಲೆ ಈಗಷ್ಟೇ ಹಿಂದೆ ಹೋದ ಹೊಳೆಯೋ ಮರಳಿನ ಮೇಲೆ ಪಾದ ಊರಿ ನಿಂತು ಕೆಳಗೆ ನೋಡಿ. ಪಾದದ ಸುತ್ತ ಒಂದು ಗೇಣಷ್ಟು ಜಾಗ ಥಟ್ ಅಂತ ಬೆಳ್ಳಗೆ, ಒಣಗಿದ ಹಾಗೆ ಆಗುತ್ತೆ, ಕಾಲು ತೆಗೆದ್ರೆ ಮತ್ತೆ ನೀರು ತುಂಬ್ಕೊಳ್ಳುತ್ತೆ. ಅಲೆ ಬಡಿದು ಬಡಿದು ಕಾಳುಗಳು ಒತ್ತಾಗಿ ಕೂತಿರ್ತಾವೆ, ನಾವು ತುಳಿದಾಗ ಅವು ಒಂದನ್ನೊಂದು ದಾಟೋಕೆ ಹೋಗಿ ಸಂದಿ ದೊಡ್ಡದಾಗುತ್ತೆ, ಮೇಲಿದ್ದ ನೀರು ಆ ಸಂದಿಗೆ ಇಳಿದು ಹೋಗುತ್ತೆ. ಆಸ್ಬೋರ್ನ್ ರೆನಾಲ್ಡ್ಸ್ ಅನ್ನೋ ವಿಜ್ಞಾನಿ 1885ರಲ್ಲೇ ಇದನ್ನ ವಿವರಿಸಿದ್ರು.

ಗಾಡಿ ಓಡಿಸೋರಿಗೂ ಇದು ಮುಖ್ಯ. ಕಣ್ಣೂರು ತಲಶ್ಶೇರಿ ನಡುವಿನ ಮುಳಪ್ಪಿಲಂಗಾಡ್ ಬೀಚಲ್ಲಿ ಸುಮಾರು 4 ಕಿಲೋಮೀಟರ್ ಮರಳ ಮೇಲೇ ಗಾಡಿ ಓಡಿಸಬಹುದು, ಓಡೋದು ಆ ಒತ್ತಾಗಿ ಕೂತಿರೋ ಹಸಿ ಮರಳಲ್ಲಿ, ಮೇಲಿನ ಒಣ ಮರಳಲ್ಲಲ್ಲ. ಒಂದ್ಸಲ ನೆರಳು ಕಾಣ್ತು ಅಂತ ಜೀಪನ್ನ ಒಣ ಮರಳಿಗೆ ತಿರುಗಿಸಿದ್ವಿ, ಹಿಂದಿನ ಚಕ್ರ ಕೂತೇ ಬಿಡ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಒಳಗೆ. ನೀರು ಬೇರೆ ಏರ್ತಾ ಇತ್ತು, ಮಕ್ಕಳು ಹೆದ್ರಿ ಅಳೋಕೆ ಶುರು. ಅಲ್ಲಿದ್ದ ಮೀನುಗಾರರೊಬ್ರು ಬಂದು ಎಂಜಿನ್ ನಿಲ್ಲಿಸಿ ಅಂದ್ರು, ಟೈರಿನ ಗಾಳಿ ಸ್ವಲ್ಪ ಇಳಿಸಿ, ಚಕ್ರದ ಮುಂದಿನ ಮರಳು ಕೈಯಲ್ಲೇ ಬಗೆದು, ನಮ್ಮ ಗೋಣಿಚೀಲನೇ ಕೆಳಗೆ ಹಾಸಿಸಿ, ಮೆಲ್ಲಗೆ ಫಸ್ಟ್ ಗೇರಲ್ಲಿ ತೆಗೆಸಿದ್ರು. ಹತ್ತು ನಿಮಿಷದ ಕೆಲ್ಸ. ಹಾಗೆ ಗಾಳಿ ಇಳಿಸಿದ್ರೆ ರಸ್ತೆಗೆ ಬಂದ ಕೂಡ್ಲೇ ಮತ್ತೆ ತುಂಬಿಸ್ಕೊಳ್ಳಿ, ಘಾಟಿ ಹಾಗೇ ಹತ್ತಬೇಡಿ.

ಉಬ್ಬರ ಇಳಿತದ ಟೈಮ್ ಮೊಬೈಲಲ್ಲೇ ಸಿಗುತ್ತೆ, ಹಿಂದಿನ ರಾತ್ರಿ ನೋಡಿಡಿ. ಎರಡು ಉಬ್ಬರದ ನಡುವೆ ಸುಮಾರು ಹನ್ನೆರಡೂವರೆ ಗಂಟೆ, ಪ್ರತಿದಿನ ಐವತ್ತು ನಿಮಿಷದಷ್ಟು ತಡ ಆಗ್ತಾ ಹೋಗುತ್ತೆ. ನೀರು ಇಳೀತಿರೋ ಹೊತ್ತಿಗೆ ತಲುಪಿದ್ರೆ ಗಟ್ಟಿ ಮರಳೂ ಸಿಗುತ್ತೆ, ಬಂಡೆ ಸಂದಿಯ ಗುಂಡಿಗಳಲ್ಲಿ ಏಡಿ, ಸಣ್ಣ ಮೀನು ನೋಡೋಕೂ ಸಿಗುತ್ತೆ.

ಮರಳು ಅಂದ್ರೆ ಅಪಾಯನೇ ಇಲ್ಲ ಅಂತಲ್ಲ. ಅಲೆಗಳು ಸಾಲಾಗಿ ಒಡೀತಿರುವಾಗ ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಂಡ್ರೆ ಅಲ್ಲಿ ಇಳೀಲೇಬೇಡಿ, ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗೋ ದಾರಿ ಅದು, ಸೆಳೆತ ಇರೋದು ಅಲ್ಲೇ. ಸಿಕ್ಕಿಬಿದ್ರೆ ದಡದ ಕಡೆ ಈಜಿ ಸುಸ್ತಾಗ್ಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಆಗಲ್ಲ ಅಂದ್ರೆ ತೇಲ್ತಾ ಕೈ ಎತ್ತಿ ಕೂಗಿ. ಬಾಲದಲ್ಲಿ ಮುಳ್ಳಿರೋ ತೊರಕೆ ಮೀನು ಮರಳಲ್ಲಿ ಹೂತ್ಕೊಂಡು ಮಲಗಿರುತ್ತೆ, ನೀರಲ್ಲಿ ಕಾಲು ಎತ್ತಿ ಎತ್ತಿ ಇಡದೆ ಎಳ್ಕೊಂಡು ನಡೆದ್ರೆ ಅದೇ ದೂರ ಹೋಗುತ್ತೆ. ಜೂನಿಂದ ಸೆಪ್ಟೆಂಬರ್‌ವರೆಗೆ ಮರಳೂ ಬೇಡ ಕಲ್ಲೂ ಬೇಡ, ದೂರದಿಂದ ನೋಡಿ ಬನ್ನಿ. ಮೊದಲ ಸಲ ಕುಟುಂಬ ಕರ್ಕೊಂಡು ಹೋಗೋರು ಪಡುಬಿದ್ರಿ ನೋಡಿ, 2020ರಲ್ಲಿ ಹೊನ್ನಾವರದ ಕಾಸರಕೋಡು ಜೊತೆ ಬ್ಲೂ ಫ್ಲ್ಯಾಗ್ ಅನ್ನೋ, ಸ್ವಚ್ಛ ಸುರಕ್ಷಿತ ಬೀಚಿಗೆ ಕೊಡೋ ಅಂತರರಾಷ್ಟ್ರೀಯ ಗುರುತು ಸಿಕ್ಕಿದ ಬೀಚು, ಆ ಗುರುತು ಸಿಗ್ಬೇಕಂದ್ರೆ ಲೈಫ್‌ಗಾರ್ಡ್, ಶೌಚಾಲಯ ಎಲ್ಲ ಇರಲೇಬೇಕು.

ಇದೇ ಮಾತನ್ನ ಹೊಳೆಗೆ ಹೊಂದಿಸ್ಕೋಬೇಡಿ ಅಂತ ಕೈ ಮುಗಿದು ಕೇಳ್ಕೊಳ್ತೀನಿ. ಸಮುದ್ರದಲ್ಲಿ ಮಕ್ಕಳಿಗೆ ಮರಳೇ ವಾಸಿ, ಹೊಳೇಲಿ ಹಂಗಲ್ಲ. ಮರಳು ತೆಗೆದ ಕಡೆ ಆಳದ ಗುಂಡಿ ಇರುತ್ತೆ, ಮೇಲಿಂದ ಗೊತ್ತೇ ಆಗಲ್ಲ, ಮೊಣಕಾಲು ನೀರು ಅಂತ ಇಟ್ಟ ಮುಂದಿನ ಹೆಜ್ಜೆ ತಲೆ ಮುಳುಗಿಸುತ್ತೆ. ಹೊರಗಿಂದ ಬಂದ ನೆಂಟ್ರು ಕಾವೇರಿ ದಡದ ಮರಳು ನೋಡಿ ಇಳೀತೀವಿ ಅಂದ್ರೆ ಆ ಊರಿನವ್ರನ್ನ ಕೇಳದೆ ಬಿಡಬೇಡಿ.

ವಾಪಸ್ ಬರುವಾಗ ಮಾಕುಟ್ಟದ ಕಾಡು ದಾಟೋಕೆ ಬೆಳಕಿದ್ರೆ ಒಳ್ಳೇದು, ಸಂಜೆ ಮೇಲೆ ಆನೆ ಇರೋ ರಸ್ತೆ, ಹಾಗಾಗಿ ಸೂರ್ಯ ಮುಳುಗೋದು ನೋಡ್ಬೇಕು ಅನ್ನೋರು ಆ ರಾತ್ರಿ ಅಲ್ಲೇ ಉಳಿಯೋ ವ್ಯವಸ್ಥೆ ಮಾಡ್ಕೊಂಡು ಹೋಗಿ. ಮನೆ ಸೇರಿದ್ಮೇಲೆ ಎಷ್ಟೇ ಸುಸ್ತಾಗಿದ್ರೂ ಮಾರನೇ ದಿನ ಬೆಳಿಗ್ಗೆ ಗಾಡಿಯ ಅಡಿಭಾಗಕ್ಕೆ, ಚಕ್ರದ ಒಳಗಡೆಗೆ ಪೈಪಲ್ಲಿ ಚೆನ್ನಾಗಿ ನೀರು ಬಿಡಿ, ಉಪ್ಪು ಹಾಗೇ ಕೂತ್ರೆ ತುಕ್ಕು ಹಿಡಿಯುತ್ತೆ. ಗೋಣಿಚೀಲನೂ ತೊಳೆದು ಕಣದಲ್ಲಿ ಒಣಗಿಸಿ ಬೇರೆ ಎತ್ತಿಡಿ, ಉಪ್ಪು ಮೆತ್ತಿದ ಚೀಲಕ್ಕೆ ಕಾಫಿ ತುಂಬ್ಬೇಡಿ.