ಮೊದಲು ಮೋಟಾರು, ಆಮೇಲೆ ಓಮ್ ನಿಯಮ

ಹತ್ತನೇ ತರಗತಿಯ ವಿದ್ಯುತ್ ಪಾಠವನ್ನು ತಿರುವುಮುರುವಾಗಿ ಕಲಿಸುತ್ತೇನೆ ಎಂದಾಗ ಶಿಕ್ಷಕರ ಕೊಠಡಿಯಲ್ಲಿ ನಕ್ಕವರೇ ಹೆಚ್ಚು. ಪುಸ್ತಕದಲ್ಲಿ ವೋಲ್ಟೇಜು, ಕರೆಂಟು, ರೋಧಗಳ ಸಂಬಂಧ ಹೇಳುವ ಓಮ್ ನಿಯಮ ಮೊದಲು, ಕಾಂತೀಯ ಪರಿಣಾಮ ಆಮೇಲೆ. ನಾನು ಮೊದಲ ದಿನವೇ ಇಬ್ಬಿಬ್ಬರಿಗೆ ಒಂದು ಸೆಲ್, ಎರಡು ಸೇಫ್ಟಿ ಪಿನ್, ಎನಾಮಲ್ ತಂತಿ (ಕರೆಂಟು ದಾಟದ ತೆಳು ಲೇಪವಿರುವ ತಾಮ್ರದ ತಂತಿ), ಒಂದು ಕಾಂತ ಕೊಟ್ಟು ಮೋಟಾರು ಮಾಡಿಸುತ್ತೇನೆ. ‘ಹೀಗಾದರೆ ಎಸ್‌ಎಸ್‌ಎಲ್‌ಸಿ ಪಾಠ ಮುಗಿಸುವುದು ಯಾವಾಗ?’ ಎಂದಿದ್ದ ಹಿರಿಯರು ಈ ವರ್ಷ ನನ್ನ ಸಾಮಾನಿನ ಪೆಟ್ಟಿಗೆಯನ್ನೇ ಎರವಲು ಒಯ್ದಿದ್ದಾರೆ.

ತಂತಿ ಮೊದಲು ಸತಾಯಿಸಿತು. ಸುಟ್ಟ ಪಂಪ್‌ಸೆಟ್ ಮೋಟಾರಿನಿಂದ ಬಿಚ್ಚಿದ್ದು ಪುಕ್ಕಟೆ ಸಿಗುತ್ತದೆ, ನಿಜ. ಆದರೆ ವಾರ್ನಿಷ್ ಗಟ್ಟಿ ಹಿಡಿದು ಸುತ್ತುವಾಗಲೇ ಮುರಿಯುತ್ತದೆ. ಹೊಸದು ಕಿಲೋಗೆ 1000 ರೂಪಾಯಿ ದಾಟಿದೆ. ಕೊನೆಗೆ ವೈಂಡಿಂಗ್ ಅಂಗಡಿಯಲ್ಲಿ ಉಳಿದ 26 ಗೇಜ್ ತುಂಡುಗಳನ್ನು ಅರ್ಧ ಬೆಲೆಗೆ ತಂದೆ. ಕಾಂತಕ್ಕೆ ದುಡ್ಡೇ ಬೇಡ, ಹಾಳಾದ ಸ್ಪೀಕರಿನ ಫೆರೈಟ್ ಬಳೆ ಸಾಕು.

ಎನಾಮಲ್ ಕೆರೆಯುವುದರಲ್ಲಿದೆ ಎಲ್ಲವೂ. ಪಿನ್ನುಗಳ ಮೇಲೆ ಕೂರುವ ಎರಡೂ ತುದಿಯನ್ನು ಪೂರ್ತಿ ಕೆರೆದವರ ಸುರುಳಿ ನಡುಗಿ ನಿಂತುಬಿಡುತ್ತದೆ. ಒಂದನ್ನು ಪೂರ್ತಿ, ಇನ್ನೊಂದರ ಒಂದೇ ಬದಿಯನ್ನಷ್ಟೇ ಕೆರೆದರೆ ಗಿರ್ರನೆ ತಿರುಗುತ್ತದೆ. ಮೋಟಾರಿನಲ್ಲಿ ಅರ್ಧ ಸುತ್ತಿಗೊಮ್ಮೆ ಕರೆಂಟಿನ ದಿಕ್ಕು ಬದಲಿಸುವ ಒಡಕು ಉಂಗುರ ಏಕೆ ಬೇಕು ಎಂದು ಅಲ್ಲಿಂದ ಮುಂದೆ ಯಾರಿಗೂ ವಿವರಿಸಬೇಕಾಗಿಲ್ಲ. ಸುರುಳಿಯನ್ನು ಯಾವ ಭಂಗಿಯಲ್ಲಿ ಹಿಡಿದು ಕೆರೆಯಬೇಕು ಎಂಬುದು ಮಾತ್ರ ನನ್ನಲ್ಲೇ ಇರಲಿ. ಬೇಕಾದವರು ತರಗತಿಗೆ ಬಂದು ನೋಡಲಿ.

ಸೆಲ್ಲುಗಳು ಜೇಬು ಖಾಲಿ ಮಾಡಿದವು. ದಪ್ಪ ಸೆಲ್ ಒಂದಕ್ಕೆ 25-30 ರೂಪಾಯಿ, ತಿಂಗಳಿಗೆ 700ರಷ್ಟು ಕೈಯಿಂದಲೇ ಹೋಯಿತು. ಹತ್ತು ಸುತ್ತಿನ ಸುರುಳಿಯಲ್ಲಿ ಇರುವುದು ಮೀಟರಿನಷ್ಟು ತಂತಿ, ಅದರ ರೋಧ 0.1 ಓಮ್ ಆಸುಪಾಸು. ರೋಧ ಇಷ್ಟು ಕಡಿಮೆಯಾದ್ದರಿಂದ ಸುರುಳಿ ನಿಂತರೆ ಕರೆಂಟು ವಿಪರೀತ ಹರಿಯುತ್ತದೆ, ಶಾರ್ಟ್ ಸರ್ಕ್ಯೂಟೇ ಸರಿ. ಆಲ್ಕಲೈನ್ ಸೆಲ್ ತಂದ ವಾರ ಪಿನ್ನು ಮುಟ್ಟಿದವರೆಲ್ಲ ಬಿಸಿ ತಾಗಿ ಬೆರಳಿಗೆ ಗಾಳಿ ಊದಿಕೊಂಡರು. ಅಗ್ಗದ ಸತು-ಇಂಗಾಲದ ಸೆಲ್ಲಿಗೆ ಮರಳಿದೆ; ಅದರ ಒಳರೋಧ ಹೆಚ್ಚು, ಬೆರಳು ಉಳಿಯುತ್ತದೆ. ‘ಸೆಲ್ ಏಕೆ ಬಿಸಿಯಾಯಿತು? ಇಷ್ಟು ಬೇಗ ಏಕೆ ಸತ್ತಿತು?’ ಎಂದು ಮಕ್ಕಳು ತಾವಾಗಿ ಕೇಳಿದ ದಿನ ಓಮ್ ನಿಯಮವನ್ನು ಬರೆದೆ. ಒಂದೇ ಪೀರಿಯಡ್ಡಿನಲ್ಲಿ ಮುಗಿಯಿತು. ಹಿಂದೆ ಅದಕ್ಕೆ ವಾರ ಹಿಡಿಯುತ್ತಿತ್ತು, ಆದರೂ ಪರೀಕ್ಷೆಯಲ್ಲಿ ಸರಣಿಯಲ್ಲಿರಬೇಕಾದ ಅಮ್ಮೀಟರನ್ನು ಸಮಾಂತರವಾಗಿ ಜೋಡಿಸುವವರು ಇದ್ದೇ ಇರುತ್ತಿದ್ದರು.

ನಡುವೆ ದಿಕ್ಸೂಚಿಯ ಹುಚ್ಚೂ ಹಿಡಿಯಿತು. ಕರೆಂಟು ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ವಾಲಿಸುತ್ತದೆ ಎಂದು ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ 1820ರಲ್ಲಿ ಕಂಡದ್ದನ್ನು ಅಳೆದೇ ನೋಡೋಣವೆಂದು ಉತ್ತರ-ದಕ್ಷಿಣವಾಗಿ ಹಿಡಿದ ತಂತಿಯಲ್ಲಿ 2 ಆಂಪಿಯರ್ ಹರಿಸಿ, ಒಂದು ಸೆಂಟಿಮೀಟರ್ ಕೆಳಗೆ ಮುಳ್ಳು ಇಟ್ಟೆವು. ಹತ್ತಿರ ಹತ್ತಿರ 45 ಡಿಗ್ರಿ ವಾಲಿತು. ಅಂದರೆ ಅಲ್ಲಿ ತಂತಿಯ ಕಾಂತಕ್ಷೇತ್ರವೂ ಭೂಮಿಯದೂ ಸರಿಸಮ, ತಲಾ 40 ಮೈಕ್ರೊಟೆಸ್ಲಾ. ಮೊಬೈಲಿನ ಕಾಂತಮಾಪಕದಲ್ಲಿ ಭೂಮಿಯ ಪಾಲನ್ನು ನೋಡಿದಾಗಲೂ ಅಷ್ಟೇ ಬಂತು. ಫ್ರಿಜ್ ಮೆಕ್ಯಾನಿಕ್ ಕೊಟ್ಟ ತಾಮ್ರದ ಕೊಳವೆಯಲ್ಲಿ ನಿಯೋಡೈಮಿಯಂ ಕಾಂತ ಬಿಟ್ಟು ಚಲಿಸುವ ಕಾಂತ ಹುಟ್ಟಿಸುವ ಕರೆಂಟು ಆ ಚಲನೆಯನ್ನೇ ತಡೆಯುತ್ತದೆ ಎಂಬ ಲೆಂಜ್ ನಿಯಮವನ್ನೂ ತೋರಿಸಿದೆ, ಆದರೆ ಕಾಂತ ಬಲು ದುಬಾರಿ, ಬಿದ್ದರೆ ಚೂರು.

ಈಗ ರೈತರೊಬ್ಬರು ಹಳೆಯ ಪಂಪ್‌ಸೆಟ್ ಸ್ಟಾರ್ಟರ್ ಕೊಟ್ಟಿದ್ದಾರೆ. ಅದರ ನೋ-ವೋಲ್ಟ್ ಕಾಯಿಲ್, ಅಂದರೆ ಕರೆಂಟು ಹೋದಾಗ ಸ್ಟಾರ್ಟರನ್ನು ತಾನಾಗಿ ಬಿಡಿಸುವ ಸುರುಳಿ, ಸುಟ್ಟಿದೆ. ಹೊಸದಾಗಿ ಸುತ್ತಲು ಅಂಗಡಿಯವರು 250 ಕೇಳುತ್ತಾರೆ. ಮಕ್ಕಳ ಕೈಯಲ್ಲೇ ಸುತ್ತಿಸುತ್ತೇನೆ ಎಂದಿದ್ದೇನೆ.