ಮನೆ ರಿಪೇರಿಗೆ ಮೊದಲು ಮೊಲದ ಗೂಡು, ಕೈತೋಟ

ಮನೆ ರಿಪೇರಿ ಅಂದ ಕೂಡಲೇ ಟೈಲ್ಸ್ ಯಾವುದು, ಪೇಂಟ್ ಯಾವ ಬಣ್ಣ ಅಂತ ಲೆಕ್ಕ ಹಾಕಲು ಕೂರುತ್ತೇವೆ. ಮೂಲೆಯಲ್ಲಿರುವ ಮೊಲ, ಗಿನಿಪಿಗ್, ಲವ್‌ಬರ್ಡ್ಸ್ ನೆನಪಾಗುವುದು ಸುತ್ತಿಗೆಯ ಮೊದಲ ಏಟು ಬಿದ್ದ ಮೇಲೆ. ಕೈತೋಟದ ಗತಿಯೂ ಅಷ್ಟೇ. ಮರಳು ಎಲ್ಲಿ ಸುರಿಯಲಿ ಅಂತ ಕೆಲಸದವರು ಕೇಳಿದಾಗ ಬದನೆ ಪಾತಿಯ ಪಕ್ಕಕ್ಕೆ ಕೈ ತೋರಿಸಿಬಿಡುತ್ತೇವೆ. ಇದು ಹಿಂದುಮುಂದಾಗಬೇಕು. ಗೋಡೆ ಒಡೆಯುವ ಮೊದಲೇ ಪ್ರಾಣಿಗಳು ಎಲ್ಲಿರುತ್ತವೆ, ಗಿಡಗಳನ್ನು ಹೇಗೆ ಕಾಯುವುದು ಅಂತ ಮನೆಮಂದಿಯೆಲ್ಲ ಕೂತು ತೀರ್ಮಾನಿಸಿ.

ಮೊದಲು ಒಂದು ಕೋಣೆ ಬಿಟ್ಟುಕೊಡಿ

ಕೆಲಸ ನಡೆಯುವ ಜಾಗದಿಂದ ಆದಷ್ಟು ದೂರದ ಕೋಣೆ ಆರಿಸಿ. ಒಂದು ವಾರ ಮೊದಲೇ ಗೂಡನ್ನು ಅಲ್ಲಿಗೆ ಸಾಗಿಸಿ. ಹೊಸ ಜಾಗ, ಹೊಸ ಸದ್ದು ಎರಡೂ ಒಂದೇ ದಿನ ಬಂದರೆ ಅವು ತುಂಬಾ ಹೆದರುತ್ತವೆ. ಗೂಡನ್ನು ಪೂರ್ತಿ ತೊಳೆದು ಒಯ್ಯಬೇಡಿ, ಹಳೆಯ ಹುಲ್ಲು ಸ್ವಲ್ಪ ಅದರಲ್ಲೇ ಇರಲಿ. ತಮ್ಮದೇ ವಾಸನೆ ಇದ್ದರೆ ಬೇಗ ಹೊಂದಿಕೊಳ್ಳುತ್ತವೆ. ಅಡಗಿಕೊಳ್ಳಲು ರಟ್ಟಿನ ಡಬ್ಬವೊಂದನ್ನು ಇಡಿ, ಅದಕ್ಕೆ ಎರಡು ಕಡೆ ಬಾಗಿಲು ಕೊರೆಯಿರಿ.

ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲ್ ಒತ್ತಿದರೆ ಧೂಳು ಅಷ್ಟಾಗಿ ಒಳಗೆ ಬರುವುದಿಲ್ಲ. ಆದರೆ ಧೂಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿಬಿಟ್ಟರೆ ಸೆಕೆ ಜಾಸ್ತಿಯಾಗುತ್ತದೆ, ಅಲ್ವಾ? ಕೋಣೆಯ ಬಿಸಿ 28–30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೊಲ ತಡೆದುಕೊಳ್ಳುವುದು ಕಷ್ಟ. ನೀರು ತುಂಬಿದ ಬಾಟಲಿಯನ್ನು ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿ, ಬಟ್ಟೆ ಸುತ್ತಿ ಗೂಡಿನಲ್ಲಿಡಿ. ಬೇಕೆನಿಸಿದಾಗ ಅದಕ್ಕೆ ಒರಗಿ ಮಲಗುತ್ತದೆ.

ಸಂಜೆ ಹಿಕ್ಕೆ ನೋಡಿ

ಇದೊಂದನ್ನು ಮಾತ್ರ ಯಾವ ದಿನವೂ ಬಿಡಬೇಡಿ. ಮೊಲ, ಗಿನಿಪಿಗ್ ಎರಡೂ ಬೇಟೆಗೆ ಗುರಿಯಾಗುವ ಜಾತಿ, ನೋವನ್ನು ಹೊರಗೆ ತೋರಿಸುವುದಿಲ್ಲ. ಸದ್ದಿಗೆ ಹೆದರಿ ತಿನ್ನುವುದು ನಿಲ್ಲಿಸಿದರೂ ನಮಗೆ ಗೊತ್ತಾಗುವುದು ಹಿಕ್ಕೆಯಿಂದಲೇ. ಚೆನ್ನಾಗಿರುವ ಮೊಲದ ಹಿಕ್ಕೆ ದುಂಡಗೆ, ಒಂದೇ ಗಾತ್ರದಲ್ಲಿ ಇರುತ್ತದೆ. ಬೆರಳಿನಿಂದ ಪುಡಿ ಮಾಡಿದರೆ ಒಳಗೆ ಹುಲ್ಲಿನ ಎಳೆ ಕಾಣಿಸುತ್ತದೆ. ಸಣ್ಣದಾಗಿ ಗಟ್ಟಿಯಾಗಿದ್ದರೆ, ಅಥವಾ ಸಂಖ್ಯೆಯೇ ಕಡಿಮೆಯಾದರೆ, ಹೊಟ್ಟೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. 12 ಗಂಟೆ ಏನೂ ತಿನ್ನದಿದ್ದರೆ ನಾಳೆ ನೋಡೋಣ ಅನ್ನಬೇಡಿ. ಕರುಳಿನ ಚಲನೆ ನಿಂತು ಪ್ರಾಣಕ್ಕೇ ಅಪಾಯವಾಗಬಹುದು. ಕೂಡಲೇ ಪಶುವೈದ್ಯರಿಗೆ ತೋರಿಸಿ. ಈ ಕೆಲಸವನ್ನು ಮಕ್ಕಳಿಗೆ ವಹಿಸಬಹುದು, ಆದರೆ ದೊಡ್ಡವರೊಬ್ಬರು ಜೊತೆಗಿರಲಿ.

ಪೇಂಟ್ ಶುರುವಾದಾಗ

ಹಕ್ಕಿಗಳನ್ನು ಬೇರೆ ಕೋಣೆಗೆ ಸಾಗಿಸಿದರೆ ಸಾಲದು, ಬೇರೆ ಮನೆಗೇ ಕಳಿಸಿ. ಅವುಗಳಿಗೆ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳೂ ಇವೆ, ಗಾಳಿಯಲ್ಲಿರುವ ವಿಷ ಮೈಗೆ ಬೇಗ ಸೇರುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ವಿಷಾನಿಲ ಪತ್ತೆ ಮಾಡಲು 1986ರವರೆಗೂ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಳ್ಳುತ್ತಿದ್ದದ್ದು ಇದೇ ಕಾರಣಕ್ಕೆ. ಥಿನ್ನರ್, ವಾರ್ನಿಷ್ ವಾಸನೆ ಪೂರ್ತಿ ಹೋಗುವವರೆಗೆ ಕಿಟಕಿ ತೆರೆದಿಟ್ಟು, ಆಮೇಲೆ ಕರೆತನ್ನಿ.

ಕೈತೋಟ

ಸಿಮೆಂಟ್ ಕಲಸಿದ ಬಾಂಡ್ಲಿ, ಕರಣೆ ತೊಳೆಯಲು ಪಾತಿಗಳಿಂದ ದೂರ ಒಂದು ಜಾಗ ಗುರುತು ಮಾಡಿ, ಮೊದಲ ದಿನವೇ ಮೇಸ್ತ್ರಿಗೆ ತೋರಿಸಿ. ಆ ನೀರು ಸುಣ್ಣದ ತಿಳಿಯಷ್ಟೇ ತೀಕ್ಷ್ಣ, ಅದರ ಪಿಎಚ್ 12 ದಾಟುತ್ತದೆ. ಮಣ್ಣಿಗೆ ಇಳಿದರೆ ಬೇರು ಸುಟ್ಟುಹೋಗುತ್ತದೆ. ಹಳೇ ಮನೆಯ ಪೇಂಟ್ ಕೆರೆಯುವಾಗ ಇನ್ನೂ ಎಚ್ಚರ ಬೇಕು. ಹಿಂದಿನ ಪೇಂಟ್‌ಗಳಲ್ಲಿ ಸೀಸ ಇರುತ್ತಿತ್ತು. ಅಮೆರಿಕದಲ್ಲಿ ಮನೆಗಳಿಗೆ ಅಂಥ ಪೇಂಟ್ ಬಳಸುವುದನ್ನು ನಿಷೇಧಿಸಿದ್ದೇ 1978ರಲ್ಲಿ. ಸೀಸ ಕೊಳೆತು ಹೋಗುವಂಥದ್ದಲ್ಲ, ಮಣ್ಣಲ್ಲೇ ಉಳಿಯುತ್ತದೆ. ಹಾಗಾಗಿ ಗೋಡೆಯ ಬುಡಕ್ಕೆ ಟಾರ್ಪಾಲ್ ಹಾಸಿ, ನೀರು ಚಿಮುಕಿಸಿ ಕೆರೆಸಿ, ಉದುರಿದ್ದನ್ನೆಲ್ಲ ಕಟ್ಟಿ ತೆಗೆಯಿರಿ. ಆ ಸಮಯದಲ್ಲಿ ಮಕ್ಕಳನ್ನು ಹತ್ತಿರ ಬಿಡಬೇಡಿ.

ಟೈಲ್ಸ್ ಕತ್ತರಿಸುವಾಗ ಪಾತಿಗಳಿಗೆ ಶೀಟ್ ಹೊದಿಸಿ, ಸಂಜೆ ತೆಗೆದುಬಿಡಿ. ಓಡಾಡುವ ದಾರಿಗೆ ಹಲಗೆ ಹಾಕಿದರೆ ತುಳಿದು ತುಳಿದು ಮಣ್ಣು ಗಟ್ಟಿಯಾಗುವುದು ತಪ್ಪುತ್ತದೆ.

ಗಿಡದ ಸೊಪ್ಪನ್ನು ಪ್ರಾಣಿಗಳಿಗೆ ಹಾಕುವ ಮೊದಲು ಚೆನ್ನಾಗಿ ತೊಳೆಯಿರಿ. ಕೊತ್ತಂಬರಿ, ಪುದೀನ, ಕ್ಯಾರೆಟ್ ಸೊಪ್ಪು ಕೊಡಬಹುದು. ಟೊಮೆಟೊ, ಆಲೂಗಡ್ಡೆ ಗಿಡದ ಎಲೆ, ಈರುಳ್ಳಿ ಬೇಡವೇ ಬೇಡ. ಪ್ಲೈವುಡ್ ಹೊಟ್ಟು ಸುಮ್ನೆ ಬಿದ್ದಿದೆಯಲ್ಲ ಅಂತ ಗೂಡಿಗೋ ಗೊಬ್ಬರದ ಗುಂಡಿಗೋ ಹಾಕಬೇಡಿ, ಅದರಲ್ಲಿ ಅಂಟು ಇರುತ್ತದೆ.

ಕೆಲಸ ಮುಗಿದ ಮೇಲೆ ದೊಡ್ಡದೊಂದು ಅಯಸ್ಕಾಂತಕ್ಕೆ ದಾರ ಕಟ್ಟಿ ಪಾತಿಗಳ ಮೇಲೆ ಎಳೆಯಿರಿ. ಮೊಳೆ, ತಂತಿ ಚೂರು ಎಷ್ಟು ಅಂಟಿಕೊಂಡು ಬರುತ್ತವೆ ನೋಡಿ! ಒಳಗೆ ಹೊಸ ವೈರ್‌ಗಳನ್ನೆಲ್ಲ ಪೈಪಿನೊಳಗೆ ಸೇರಿಸಿ, ಮೊಲದ ಹಲ್ಲಿಗೆ ಸಿಗದ ಹಾಗೆ ಮಾಡಿದ ಮೇಲೆಯೇ ಗೂಡಿನ ಬಾಗಿಲು ತೆರೆಯಿರಿ.